ಎಕ್ಕದ ಮನೆಯ ಕೇಸರಿ ಚಿಟ್ಟೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳು ಎಲ್ಲಿ ಕೂರೋದು ಅಂತ ಇನ್ನೂ ಜಾಗ ಹುಡುಕುತ್ತಿದ್ದವಂತೆ. ನಗಬೇಡ ಇಂದುಮತಿ, ನನ್ನಜ್ಜಿ ಹೇಳಿದ್ದನ್ನೇ ನಾನು ಹೇಳ್ತಿರೋದು. ಮಧ್ಯೆ ಮಧ್ಯೆ ನಕ್ಕರೆ ನಾನು ಎದ್ದು ಹೋಗ್ತೀನಿ, ಅಷ್ಟೆ.

ಆಗ ಒಬ್ಬಳು ಚಿಟ್ಟೆಯಮ್ಮ ಇದ್ದಳು. ಬೂದಿ ಬಣ್ಣದವಳು. ಮಣ್ಣಿನ ಮೇಲೆ ಕೂತರೆ ಮಣ್ಣು, ಕಲ್ಲಿನ ಮೇಲೆ ಕೂತರೆ ಕಲ್ಲು. ಹಾಗಿದ್ದರೂ ಕಾಜಾಣ ಹಕ್ಕಿಯ ಕಣ್ಣು ತಪ್ಪಿಸೋಕೆ ಆಗುತ್ತಿರಲಿಲ್ಲ. ಮೂರು ಸಲ ಮೊಟ್ಟೆ ಇಟ್ಟಿದ್ದಳು, ಮೂರು ಸಲವೂ ಕಾಜಾಣ ಮಕ್ಕಳನ್ನೆಲ್ಲ ನುಂಗಿತ್ತು. ಒಂದಾದರೂ ಉಳಿಯಬೇಕಲ್ಲ? ಉಳಿಯಲಿಲ್ಲ.

ನಾಲ್ಕನೆಯ ಸಲ ದಿನ ತುಂಬಿದಾಗ ಹೋಗೋಕೆ ಅವಳಿಗೆ ತವರು ಅಂತ ಇರಲಿಲ್ಲ. ಮಲ್ಲಿಗೆಯನ್ನು ಕೇಳಿದಳು. "ನನ್ನ ಎಲೆ ಹಾಳಾಗುತ್ತೆ, ಬೇಡಮ್ಮ" ಅಂದಿತು. ದಾಸವಾಳ ಮುಖ ತಿರುಗಿಸಿತು. ಕೊನೆಗೆ ಬರಡು ಬಯಲಲ್ಲಿ ಒಂಟಿಯಾಗಿ ನಿಂತಿದ್ದ ಎಕ್ಕದ ಗಿಡದ ಹತ್ತಿರ ಬಂದಳು.

"ನನ್ನ ಮಕ್ಕಳಿಗೆ ಹೊಟ್ಟೆಗೆ ಹಾಕ್ತೀಯಾ ಅವ್ವಾ?"

ಎಕ್ಕವನ್ನು ಅಲ್ಲಿಯವರೆಗೆ ಯಾರೂ ಅವ್ವ ಅಂತ ಕರೆದಿರಲಿಲ್ಲ. ಅದು ಒಂದು ಎಲೆಯನ್ನು ಅವಳ ಕಡೆ ಬಾಗಿಸಿತು. "ನನ್ನ ಹಾಲು ಕಹಿ ಮಗಳೇ, ದನ ಕೂಡ ಮೂಸಿ ಹೋಗುತ್ತೆ. ಆದರೆ ಬಾಣಂತನಕ್ಕೆ ಅಂತ ಬಂದವಳನ್ನು ವಾಪಸ್ಸು ಹೇಗೆ ಕಳಿಸಲಿ? ಇರು."

ಚಿಟ್ಟೆಯಮ್ಮ ಎಲೆಗೊಂದರಂತೆ ಅಡಿಯಲ್ಲಿ ಮೊಟ್ಟೆ ಇಟ್ಟಳು. ಕಪ್ಪು, ಬಿಳಿ, ಹಳದಿ ಪಟ್ಟೆಯ ಮರಿಹುಳುಗಳು ಹೊರಬಂದವು. "ಮೊದಲು ಎಲೆಯ ನರ ಕಚ್ಚಿ. ಹಾಲು ಸುರಿದುಹೋಗಲಿ. ಆಮೇಲೆ ತಿನ್ನಿ" ಅಂತ ಎಕ್ಕ ಹೇಳಿಕೊಟ್ಟಿತು. ಹಾಗೆ ಮಾಡಿದರೂ ಒಂದಿಷ್ಟು ಕಹಿ ಹೊಟ್ಟೆಗೆ ಹೋಯಿತು, ಅಲ್ಲೇ ಉಳಿಯಿತು. ಮಕ್ಕಳು ಎಲೆಯನ್ನೆಲ್ಲ ತೂತು ಮಾಡಿದವು. ಎಕ್ಕ ಮಾತ್ರ ತಿನ್ನಿ, ತಿನ್ನಿ ಅನ್ನುತ್ತಲೇ ಇತ್ತು.

ಆಮೇಲೆ ಅವು ಹಸಿರು ಜುಮುಕಿಯ ಹಾಗೆ ನೇತಾಡಿದವು, ಕೆಲವು ದಿನಕ್ಕೆ ರೆಕ್ಕೆ ಬಿಚ್ಚಿ ಹೊರಬಂದವು. ಎಲ್ಲವೂ ತಾಯಿಯ ಹಾಗೆ ಬೂದಿ ಬಣ್ಣ.

ಕಾಯುತ್ತಿದ್ದ ಕಾಜಾಣ ದೊಡ್ಡ ಮಗಳ ರೆಕ್ಕೆಗೇ ಬಾಯಿ ಹಾಕಿತು. ತಾಯಿ ಚೀರಿದಳು. ಆದರೆ ಮರುಗಳಿಗೆಗೆ ಕಾಜಾಣ ಥೂ ಥೂ ಅಂತ ಉಗಿದುಬಿಟ್ಟಿತು. "ಏನು ತಿನ್ನಿಸಿ ಬೆಳೆಸಿದ್ದೀಯೇ ಇದನ್ನ?" ರೆಕ್ಕೆ ಹರಿದಿತ್ತು, ಮಗಳು ಬದುಕಿದ್ದಳು.

ಮಾರನೇ ದಿನ ಅದೇ ಕಾಜಾಣ ಎರಡನೆಯವಳನ್ನು ಹಿಡಿಯಿತು. ಬೂದಿ ಬಣ್ಣದ ಚಿಟ್ಟೆಗಳು ಲೋಕದಲ್ಲಿ ಸಾವಿರ, ಅದಕ್ಕೆ ಗುರುತು ಹೇಗೆ ಸಿಗಬೇಕು? ಉಗಿದದ್ದೇನೋ ಉಗಿಯಿತು, ಅವಳು ಉಳಿಯಲಿಲ್ಲ.

"ಬಚ್ಚಿಟ್ಟುಕೊಂಡದ್ದು ಸಾಕು, ಇನ್ನು ಎದ್ದು ಕಾಣಬೇಕು" ಅಂದಿತು ಎಕ್ಕ. ತಾಯಿ ಬೇಡ ಬೇಡ ಅಂತ ಅತ್ತಳು. ಹರಿದ ರೆಕ್ಕೆಯ ಮಗಳು ಕೇಳಲಿಲ್ಲ. ಮುಳುಗುತ್ತಿದ್ದ ಸೂರ್ಯನ ಹತ್ತಿರ ಹೋಗಿ, "ದೂರದಿಂದಲೇ ಗುರುತು ಹತ್ತೋ ಸೀರೆ ಕೊಡು" ಅಂದಳು. ಸೂರ್ಯ ತನ್ನದೇ ಕೇಸರಿಯಲ್ಲಿ ಅವಳನ್ನು ಅದ್ದಿದ. ಅಂಚಿಗೆ ಕಪ್ಪು, ಅದರ ಮೇಲೆ ಬಿಳಿ ಚುಕ್ಕಿ.

ಬೆಳಗ್ಗೆ ಅವಳು ನೆಟ್ಟಗೆ ಕಾಜಾಣದ ಮುಂದೆಯೇ ಹೋಗಿ ಕೂತಳು. ಎಲೆಯ ಹಿಂದಿನಿಂದ ತಾಯಿ ಇಣುಕುತ್ತಿದ್ದಳು. ಕಾಜಾಣ ಹರಿದ ರೆಕ್ಕೆ ನೋಡಿತು. "ನೀನಾ?"

"ನಾನೇ. ಈ ಸೀರೆ ನೆನಪಿಟ್ಟುಕೋ. ನಮ್ಮ ಮನೆಯವರೆಲ್ಲ ಇನ್ನು ಇದನ್ನೇ ಉಡೋದು."

ಕಾಜಾಣ ಕೊಂಬೆಗೆ ಕೊಕ್ಕು ಒರೆಸಿಕೊಂಡು ಹಾರಿಹೋಯಿತು.

ಉಳಿದ ಮಕ್ಕಳೂ ಸೂರ್ಯನ ಹತ್ತಿರ ಹೋಗಿ ಅದೇ ಸೀರೆ ಉಟ್ಟು ಬಂದರು, ತಾಯಿಗೂ ಒಂದು ತಂದರು. ಅವಳು ಉಡಲಿಲ್ಲ. "ನಾನು ಎಕ್ಕದ ಹಾಲು ಕುಡಿದವಳಲ್ಲ. ನನ್ನನ್ನು ತಿಂದು ಸಿಹಿ ಅಂತ ಗೊತ್ತಾದರೆ ನಿಮ್ಮ ಗತಿ?" ಅಂದಳು. ಕೊನೆವರೆಗೂ ಅವಳು ಹೆದರಿ ಹೆದರಿ, ಅವಸರದಲ್ಲೇ ಹಾರಿದಳು. ಮಕ್ಕಳು ನಿಧಾನಕ್ಕೆ ಹಾರೋದನ್ನು ಕಣ್ತುಂಬ ನೋಡಿಕೊಂಡೇ ಹೋದಳು. ಇದನ್ನು ಹೇಳುವಾಗ ನನಗೆ ಪ್ರತಿಸಲವೂ ಸಂಕಟ ಆಗುತ್ತೆ.

ಅದಕ್ಕೇ ಕೂಸೇ, ನೀನು ಬಯಲಲ್ಲಿ ನೋಡೋ ಆ ಕೇಸರಿ ಚಿಟ್ಟೆ ಹಕ್ಕಿಗಳ ಎದುರಲ್ಲೂ ಅವಸರವಿಲ್ಲದೆ ಹಾರುತ್ತೆ, ಮೊಟ್ಟೆ ಇಡೋ ಹೊತ್ತು ಬಂದರೆ ಮಲ್ಲಿಗೆ, ದಾಸವಾಳ ಎಲ್ಲವನ್ನೂ ದಾಟಿ ಸೀದಾ ಎಕ್ಕದ ಮನೆಗೇ ಬರುತ್ತೆ.