ಸಿಲ್ವಾನ ಬಿಡದೆ ಹೇಳಿದ ಸಾಲು

"ಗುರುಗಳೇ, ತಪ್ಪು ಮಾಡಿದವನ ಬಾಯಿಂದ ಪವಿತ್ರ ವಾಕ್ಯವನ್ನು ಕೇಳಬಹುದೇ?" ಎಂದು ಶಿಷ್ಯ ಕೇಳಿದ.

ಗುರು ಹೀಗೆ ಹೇಳಿದರು.

ಬಹು ಹಿಂದೆ, ಕಡಲತೀರದ ಒಂದು ಊರಿನಲ್ಲಿ ಕ್ರೈಸ್ತರದೊಂದು ಸಣ್ಣ ಸಭೆಯಿತ್ತು. ಅವರಿಗಿದ್ದದ್ದು ಒಂದೇ ಗ್ರಂಥ. ವಾರಕ್ಕೊಮ್ಮೆ ಅದನ್ನು ಓದುವವನು ಸಿಲ್ವಾನ. ಇಪ್ಪತ್ತು ವರ್ಷ ಓದಿ ಓದಿ ಅವನಿಗೆ ಅದು ಬಾಯಿಪಾಠವಾಗಿತ್ತು.

ಕ್ರೈಸ್ತರ ಗ್ರಂಥಗಳನ್ನೆಲ್ಲ ಸುಡಬೇಕೆಂದು ಚಕ್ರವರ್ತಿ ಆಜ್ಞೆ ಹೊರಡಿಸಿದ. ಸೈನಿಕರು ಮೊದಲು ಸಭೆಯ ಹಿರಿಯನೊಬ್ಬನನ್ನು ಹಿಡಿದರು. ಗ್ರಂಥ ಎಲ್ಲಿದೆಯೆಂದು ಅವನು ಹೇಳಲಿಲ್ಲ, ಸೆರೆಮನೆಯಲ್ಲೇ ಸತ್ತ. ಆಮೇಲೆ ಸಿಲ್ವಾನನ ಮನೆಗೆ ಬಂದರು. ಅವರು ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅವನ ಮೇಲೆ ಕೈಯೆತ್ತಿಯೂ ಇರಲಿಲ್ಲ. ಅವನೇ ಒಳಗಿನಿಂದ ಗ್ರಂಥವನ್ನು ತಂದುಕೊಟ್ಟ. ಅದನ್ನು ಸಂತೆಬೀದಿಯಲ್ಲಿ ಸುಟ್ಟರು.

ನಾಲ್ಕು ವರ್ಷಗಳ ಮೇಲೆ ಆಜ್ಞೆ ರದ್ದಾಯಿತು. ಅಳಿದುಳಿದವರು ಮತ್ತೆ ಸೇರಿದರು. ಸಿಲ್ವಾನನೂ ಬಂದು ಬಾಗಿಲ ಹೊರಗೆ ನಿಂತ. ಯಾರೂ ಅವನನ್ನು ಕರೆಯಲಿಲ್ಲ. ಒಂದೇ ಸಭೆಯವರೆಂಬ ಗುರುತಾಗಿ ರೊಟ್ಟಿ ಮುರಿದು ಹಂಚಿಕೊಂಡರು, ಅವನಿಗೆ ಕೊಡಲಿಲ್ಲ. ಓದುವ ಹೊತ್ತು ಬಂದಾಗ ಎಲ್ಲರೂ ಬರಿಗೈಯಲ್ಲಿ ಕೂತಿದ್ದರು. ಸುತ್ತಲ ಯಾವ ಊರಿನಲ್ಲೂ ಗ್ರಂಥ ಉಳಿದಿರಲಿಲ್ಲ.

ಸೆರೆಯಲ್ಲಿ ಸತ್ತ ಹಿರಿಯನ ಹೆಂಡತಿ ರುಫಿನಾ ಎದ್ದಳು.

"ಅವನನ್ನು ಒಳಗೆ ಕರೆಯಿರಿ. ನನ್ನ ಗಂಡ ಪ್ರಾಣ ಬಿಟ್ಟದ್ದು ಆ ಮಾತುಗಳಿಗಾಗಿ. ಈಗ ಅವು ಇರುವುದು ಇವನೊಬ್ಬನ ನಾಲಿಗೆಯ ಮೇಲೆ."

ಸಿಲ್ವಾನ ಒಳಗೆ ಬಂದ. ಅವನು ಹೇಳುತ್ತ ಹೋದ, ಅಕ್ಷರ ಬಲ್ಲ ರುಫಿನಾ ಬರೆಯುತ್ತ ಹೋದಳು. ದಿನಗಳು ಕಳೆದವು. ಅವಳು ಬರವಣಿಗೆಯಿಂದ ತಲೆಯೆತ್ತಿ ಒಮ್ಮೆಯೂ ಅವನ ಮುಖ ನೋಡಲಿಲ್ಲ.

ಹನ್ನೊಂದನೆಯ ದಿನ ಸಿಲ್ವಾನ ಹೇಳುವುದನ್ನು ನಡುವೆ ನಿಲ್ಲಿಸಿಬಿಟ್ಟ. ಮುಂದಿದ್ದದ್ದು, ಹೆದರಿ ತನ್ನ ಒಡೆಯನನ್ನು ಬಿಟ್ಟುಕೊಟ್ಟವನ ಮೇಲಿನ ಕಠಿಣ ತೀರ್ಪು. ಕೂತವರಲ್ಲಿ ಯಾರಿಗೂ ಆ ಭಾಗ ನೆನಪಿರಲಿಲ್ಲ. ಬಿಟ್ಟು ಮುಂದೆ ಹೋಗಿದ್ದರೆ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಮುಂದೆ ಹುಟ್ಟುವವರಿಗೂ ತಿಳಿಯುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ನೀರು ಕೇಳಿ ಕುಡಿದ. ಆಮೇಲೆ ಒಂದಕ್ಷರವೂ ಬಿಡದೆ ಹೇಳಿದ.

ರುಫಿನಾಳ ಲೇಖನಿ ನಿಂತಿತು. ಮೊದಲ ಸಲ ಅವಳು ಅವನ ಮುಖ ನೋಡಿದಳು.

"ಇದನ್ನೂ ಬರೆಯಲೇ?"

"ಬರೆ, ತಾಯಿ. ಅದು ಅಲ್ಲಿತ್ತು."

ಅವಳು ಬರೆದಳು.

ಗ್ರಂಥ ಮುಗಿದ ದಿನ ಸಿಲ್ವಾನ ಎದ್ದು ಮತ್ತೆ ಬಾಗಿಲ ಹೊರಗೆ ಹೋಗಿ ನಿಂತ. ರುಫಿನಾ ತನ್ನ ಪಾಲಿನ ರೊಟ್ಟಿಯನ್ನು ಮುರಿದು, ಅರ್ಧವನ್ನು ಅಲ್ಲಿಗೇ ಒಯ್ದು ಕೊಟ್ಟಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅಂಥವನ ಬಾಯಿಂದ ಕೇಳಬಹುದು ಎಂದಾಯಿತೇ?"

ಗುರು ಅವನನ್ನೇ ನೋಡಿ ಹೇಳಿದರು: "ದಿನವೂ ಪಾರಾಯಣ ಮಾಡುವಾಗ ನೀನು ದನಿ ತಗ್ಗಿಸಿ ದಾಟಿಹೋಗುವ ಸಾಲು ಯಾವುದು, ಅದನ್ನು ಮೊದಲು ಹೇಳು."