ಗುಡಿಸಿದ ಹಿತ್ತಿಲು

"ಗುರುಗಳೇ, ಮನಸ್ಸಿನಲ್ಲಿ ಒಂದು ಕಡ್ಡಿ ಕಸವನ್ನೂ ಉಳಿಸಿಲ್ಲ. ನಂಟು ಬಿಟ್ಟೆ, ಗೆಳೆಯರನ್ನು ಬಿಟ್ಟೆ, ನಗು ಹರಟೆ ಎಲ್ಲ ಬಿಟ್ಟೆ. ಆದರೂ ಭಕ್ತಿ ಯಾಕೆ ಚಿಗುರುತ್ತಿಲ್ಲ?"

ಹೀಗೆ ಕೇಳಿದವನು ಶಿಷ್ಯ ಚೆನ್ನವೀರ. ಮಠಕ್ಕೆ ಬಂದಾಗಿನಿಂದ ಈ ಚಿಂತೆ ಅವನನ್ನು ಕೊರೆಯುತ್ತಿತ್ತು. ಇನ್ನೂ ಹೀಗೇ ಆದರೆ ಮಠ ಬಿಟ್ಟುಬಿಡುವುದೆಂದು ಒಳಗೊಳಗೇ ನಿಶ್ಚಯಿಸಿದ್ದ. ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನ ಹೆಂಡತಿ. ಚೊಕ್ಕಟ ಅಂದರೆ ಅವಳದೇ ಹೆಸರು ಹೇಳಬೇಕು. ಅಂಗಳದ ಹಾಗೆ ಹಿತ್ತಿಲನ್ನೂ ದಿನಾ ಗುಡಿಸುವಳು. ಉದುರಿದ ಎಲೆ, ತರಕಾರಿ ಸಿಪ್ಪೆ, ಕೊಳೆತ ಕಾಯಿ, ಏನಿದ್ದರೂ ಬುಟ್ಟಿಗೆ ತುಂಬಿ, ಆಚೆ ಇಣುಕಿಯೂ ನೋಡದೆ ಬೇಲಿಯಾಚೆ ಎಸೆಯುವಳು. ಮಗಳ ಅತ್ತೆ, ಅಂದರೆ ತನ್ನ ಬೀಗಿತ್ತಿಯ ಹಿತ್ತಿಲಲ್ಲಿ ಕಾಲಿಟ್ಟಲ್ಲೆಲ್ಲ ಕಸ ಎಂದು ಊರೆಲ್ಲ ಆಡಿಕೊಂಡು ನಕ್ಕಿದ್ದಳು.

ಆ ಮಗಳು ಈಗ ಚೊಚ್ಚಲ ಬಸುರಿ. ತವರಿನ ಹಿತ್ತಿಲ ಬದನೆಯ ಎಣ್ಣೆಗಾಯಿ ತಿನ್ನುವ ಬಯಕೆಯಾಗಿದೆ ಎಂದು ಹೇಳಿ ಕಳಿಸಿದ್ದಳು. ಬಸುರಿಯ ಬಯಕೆ ತೀರಿಸದೆ ಹೆತ್ತ ಕರುಳು ಸುಮ್ಮನಿರುತ್ತದೆಯೇ? ತಾಯಿ ಬದನೆ ಸಸಿ ನೆಟ್ಟಳು, ನೀರು ಹೊಯ್ದಳು. ಸಸಿಗಳು ಹಳದಿಗಟ್ಟಿ ಗೇಣುದ್ದಕ್ಕೇ ನಿಂತವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈಕೆ ಅದನ್ನೂ ಅನ್ನಲಿಲ್ಲ. ಬೀಜ ಸರಿಯಿಲ್ಲ ಅಂದಳು, ಬಾವಿಯ ನೀರು ಸಪ್ಪೆ ಅಂದಳು, ನೆರೆಯವರ ಕಣ್ಣು ಬಿತ್ತು ಅಂದಳು. ನೆಲವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ದೂರಿದಳು.

ಅಷ್ಟರಲ್ಲಿ ಮಗಳನ್ನು ಕರೆದುಕೊಂಡು ಅದೇ ಬೀಗಿತ್ತಿ ಬಂದಳು. ತಾಯಿ ನಾಚಿಕೆ ನುಂಗಿಕೊಂಡು ಹಿತ್ತಿಲು ತೋರಿಸಿದಳು, ಕಣ್ಣೊರೆಸಿಕೊಂಡಳು. ಬೀಗಿತ್ತಿ ಕುಕ್ಕರಗಾಲಲ್ಲಿ ಕೂತು ಮಣ್ಣು ಕೆದಕಿದಳು. ಒಂದು ಎರೆಹುಳುವೂ ಕಾಣಲಿಲ್ಲ. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ಮುಷ್ಟಿ ಕಟ್ಟಿದಳು. ಕೈ ಬಿಚ್ಚಿದರೆ ಉಂಡೆ ನಿಲ್ಲದೆ ಪುಡಿಪುಡಿಯಾಗಿ ಉದುರಿತು.

"ಅಕ್ಕಾ, ಇದು ಉಪವಾಸ ಬಿದ್ದ ಮಣ್ಣು. ಇದರ ಊಟವನ್ನು ದಿನಾ ಎಲ್ಲಿ ಚೆಲ್ಲುತ್ತೀರಿ?"

ತಾಯಿ ಬೇಲಿಯತ್ತ ಕೈ ತೋರಿಸಿದಳು. ಬೀಗಿತ್ತಿ ಇಣುಕಿ ನೋಡಿದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಎಸೆದ ಕಸ ಕೊಳೆತು ಕಪ್ಪಗೆ ಗುಡ್ಡೆಯಾಗಿತ್ತು. ಅದರ ಮೇಲೆ, ಎಸೆದ ಕಾಯಿಗಳ ಬೀಜವೇ ಮೊಳೆತು, ಬದನೆ ಗಿಡಗಳು ಸೊಂಟದೆತ್ತರ ಬೆಳೆದು ಕಾಯಿಯ ಭಾರಕ್ಕೆ ಬಾಗಿದ್ದವು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಬೇಲಿ ದಾಟಿದರು.

ಆ ದಿನ ಮಗಳು ಎಣ್ಣೆಗಾಯಿ ಬಡಿಸಿಕೊಂಡು ಬಡಿಸಿಕೊಂಡು ಉಂಡಳು. ಊಟವಾದ ಮೇಲೆ ಬೀಗಿತ್ತಿಯರಿಬ್ಬರೂ ಆ ಗೊಬ್ಬರವನ್ನು ಬುಟ್ಟಿಗಟ್ಟಲೆ ಹೊತ್ತು ತಂದು ಹಿತ್ತಿಲಿಗೆ ಸುರಿದರು. ಮೈಯೆಲ್ಲ ಮಣ್ಣು ಮೆತ್ತಿಕೊಂಡ ತಾಯಿಯನ್ನು ಕಂಡು ಮಗಳಿಗೆ ನಗು ತಡೆಯಲಾಗಲಿಲ್ಲ.

ಚೆನ್ನವೀರನಿಗೂ ತಡೆಯಲಾಗಲಿಲ್ಲ. ಮಠಕ್ಕೆ ಬಂದ ಮೇಲೆ ಅವನು ಹಾಗೆ ಮನಸಾರೆ ನಕ್ಕದ್ದು ಅದೇ ಮೊದಲು. ನಗುನಗುತ್ತಲೇ, ಹಾಗಾದರೆ ನನ್ನ ಮನಸ್ಸಿಗೆ ಯಾವ ಗೊಬ್ಬರ ಹಾಕಲಿ ಎಂದು ಕೇಳಿದ.

"ನೀನು ಬೇಲಿಯಾಚೆ ಎಸೆದವರಲ್ಲಿ ಮೊದಲು ಯಾರ ಮನೆಗೆ ಹೋಗುತ್ತೀಯ?" ಎಂದರು ಗುರುಗಳು.