ಸದ್ದು ಏರಿಸಿದ ಗಿಟಾರ್ ವಾದಕ

"ಸರ್, ಬ್ಯಾಂಡಿನಲ್ಲಿ ನುಡಿಸುವಾಗ ಎಲೆಕ್ಟ್ರಿಕ್ ಗಿಟಾರಿಗೆ ಒಳ್ಳೆಯ ಟೋನ್ ಬರುವುದು ಯಾವುದರಿಂದ?" ಎಂದು ಶ್ರೀಶೈಲ ಕೇಳಿದ.

ಅವನು ದಾನಿಯೇಲ ಮಾಸ್ತರರ ಬಳಿ ಮೂರು ವರ್ಷದಿಂದ ಗಿಟಾರ್ ಕಲಿಯುತ್ತಿದ್ದ. ಈಚೆಗೆ ಗೆಳೆಯರೊಂದಿಗೆ ಸೇರಿ ಒಂದು ಬ್ಯಾಂಡ್ ಕಟ್ಟಿದ್ದ. ಮನೆಯಲ್ಲಿ ಒಬ್ಬನೇ ನುಡಿಸಿದರೆ ಕೋಣೆ ತುಂಬುವ ನಾದ ಬ್ಯಾಂಡಿನೊಳಗೆ ಎಲ್ಲಿ ಹೋಗುತ್ತದೋ ತಿಳಿಯುತ್ತಿಲ್ಲ ಎಂದ. ಗಿಟಾರ್ ಬದಲಿಸಿದ್ದಾಯಿತು, ಸದ್ದು ಹೊರಡಿಸುವ ಆಂಪ್ ಬದಲಿಸಿದ್ದಾಯಿತು, ನಾದಕ್ಕೆ ಬಣ್ಣ ಕೊಡುವ ಎರಡು ಪೆಡಲ್ ತಂದದ್ದೂ ಆಯಿತು. ಸದ್ದು ಏರಿಸಿ ಏರಿಸಿ ಇನ್ನು ಏರಿಸಲು ಜಾಗವೇ ಉಳಿದಿಲ್ಲ ಎಂದ.

ಮಾಸ್ತರರು ಕೈಯಲ್ಲಿದ್ದ ಗಿಟಾರನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಅದರಲ್ಲಿ ಒಬ್ಬ ಗಿಟಾರ್ ವಾದಕನಿದ್ದ, ಒಬ್ಬ ಗಾಯಕಿಯಿದ್ದಳು. ಗಾಯಕಿ ಹಗಲು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಸಂಜೆ ಹಾಡುತ್ತಿದ್ದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವನು ಅವಳನ್ನು ಅಕ್ಕಾ ಎನ್ನುತ್ತಿದ್ದ. ಅವಳು ಅವನನ್ನು ತಮ್ಮಾ ಎನ್ನುತ್ತಿದ್ದಳು.

ವಾದಕನಿಗೆ ತನ್ನ ಟೋನಿನದೇ ಚಿಂತೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಅದನ್ನು ತಿದ್ದುತ್ತಿದ್ದ. ಕೆಳಗಿನ ಸ್ವರಗಳು ಗುಡುಗಬೇಕು, ಮೇಲಿನವು ಮಿಂಚಬೇಕು, ನಡುವೆ ಪ್ರತಿಧ್ವನಿ ತುಂಬಿರಬೇಕು. ಒಬ್ಬನೇ ಕೇಳಿಸಿಕೊಂಡಾಗ ಅವನಿಗೇ ರೋಮಾಂಚನವಾಗುತ್ತಿತ್ತು. ತಾಲೀಮಿಗೆ ಹೋದರೆ ಅದೇ ನಾದ ಡ್ರಮ್ಸ್, ಕೀಬೋರ್ಡ್, ಬೇಸ್ ಗಿಟಾರ್ ನಡುವೆ ಮುಳುಗಿಹೋಗುತ್ತಿತ್ತು. ಅವನು ಸದ್ದು ಸ್ವಲ್ಪ ಏರಿಸಿದ. ಕೀಬೋರ್ಡಿನವನು ತಾನೂ ಏರಿಸಿದ. ಡ್ರಮ್ಸಿನವನು ಇನ್ನಷ್ಟು ಬಲವಾಗಿ ಬಾರಿಸಿದ. ವಾದಕ ಮತ್ತೂ ಏರಿಸಿದ. ಹೀಗೆ ಒಂದು ವರ್ಷ ಕಳೆಯಿತು.

ಒಂದು ದಿನ ತಾಲೀಮಿನ ನಡುವೆ ಗಾಯಕಿ ಅವನ ಪಕ್ಕಕ್ಕೆ ಬಂದು ನಿಂತಳು.

"ತಮ್ಮಾ, ನನ್ನ ದನಿ ನನಗೇ ಕೇಳುತ್ತಿಲ್ಲ. ಸ್ವಲ್ಪ ಇಳಿಸುತ್ತೀಯಾ?"

"ಇಳಿಸಿದರೆ ಟೋನ್ ಕೆಡುತ್ತದೆ ಅಕ್ಕಾ. ನೀನೇ ಸ್ವಲ್ಪ ಗಟ್ಟಿಯಾಗಿ ಹಾಡು."

ಅವಳು ಸರಿ ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಗಟ್ಟಿಯಾಗಿ ಹಾಡಿದಳು. ಮರುವರ್ಷ ಇನ್ನೂ ಗಟ್ಟಿಯಾಗಿ ಹಾಡಿದಳು. ಅದರ ಮರುವರ್ಷ ಒಂದು ಮದುವೆಯ ಆರತಕ್ಷತೆಯಲ್ಲಿ ಮೂರನೆಯ ಹಾಡಿನ ಚರಣಕ್ಕೆ ಬಂದಾಗ ಅವಳ ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ. ಉಳಿದವರು ಹಾಡನ್ನು ಹೇಗೋ ನುಡಿಸಿ ಮುಗಿಸಿದರು.

ಗಂಟಲಿನ ಒಳಗೆ ಗಂಟು ಕಟ್ಟಿದೆ, ಇನ್ನು ಹಾಡಬಾರದು ಎಂದರು ವೈದ್ಯರು. ತಂಡದವರು, ಪಾಪ, ವಯಸ್ಸಾಯಿತಲ್ಲ ಎಂದರು. ದಿನವಿಡೀ ಮಕ್ಕಳ ಮುಂದೆ ಕೂಗುವ ಕೆಲಸ ಬೇರೆ ಎಂದರು. ವಾದಕನೂ ಹಾಗೆಯೇ ಅಂದ.

ತಂಡಕ್ಕೆ ಹೊಸ ಗಾಯಕ ಬಂದ. ಅವನಿಗೆ ಹಾಡುಗಳನ್ನು ಕಲಿಸಲು ಹಳೆಯ ಕಾರ್ಯಕ್ರಮಗಳ ಧ್ವನಿಮುದ್ರಣ ಬೇಕಾಯಿತು. ವಾದಕ ಹುಡುಕಲು ಕುಳಿತ. ಒಂದೇ ಹಾಡಿನ ಎರಡು ಮುದ್ರಣಗಳು ಸಿಕ್ಕವು. ಒಂದು ಅವನು ತಂಡ ಸೇರಿದ ವರ್ಷದ್ದು, ಇನ್ನೊಂದು ಗಾಯಕಿ ಹಾಡಿದ ಕೊನೆಯ ವರ್ಷದ್ದು.

ಮೊದಲನೆಯದರಲ್ಲಿ ಗಾಯಕಿ ಆರಾಮವಾಗಿ ಹಾಡುತ್ತಿದ್ದಳು. ಸಾಲು ಮುಗಿದಾಗ ಅವಳು ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ಗಿಟಾರಿನ ನಾದ ತೆಳ್ಳಗಿತ್ತು. ಆದರೂ ಅದರ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಎರಡನೆಯದರಲ್ಲಿ ಅವಳು ಹಾಡುತ್ತಿರಲಿಲ್ಲ, ಅರಚುತ್ತಿದ್ದಳು. ಪ್ರತಿ ಸಾಲಿನ ಕೊನೆಯಲ್ಲಿ ದನಿ ಬಟ್ಟೆ ಹರಿದಂತೆ ಹರಿಯುತ್ತಿತ್ತು. ಆ ಎರಡನೆಯ ಮುದ್ರಣವನ್ನು ವಾದಕ ಹತ್ತಾರು ಸಲ ಕೇಳಿದ್ದ, ಸ್ನೇಹಿತರನ್ನು ಕೂರಿಸಿಕೊಂಡು ಕೇಳಿಸಿದ್ದ. ಅಷ್ಟು ಸಲವೂ ಅವನ ಕಿವಿಗೆ ಬಿದ್ದದ್ದು ತನ್ನ ಗಿಟಾರ್ ಮಾತ್ರ.

ಒಬ್ಬನೇ ಕುಳಿತಿದ್ದರೂ ನಾಚಿಕೆಯಿಂದ ಅವನ ಮುಖ ಬಿಸಿಯಾಯಿತು.

ಎಂಟು ದಿನ ಅವನು ಅವಳ ಬೀದಿಯ ಕಡೆ ಹೋಗಲಿಲ್ಲ. ಒಂಬತ್ತನೆಯ ದಿನ ಹೋದ. ಅವಳು ಮಕ್ಕಳ ನೋಟುಪುಸ್ತಕ ತಿದ್ದುತ್ತಿದ್ದಳು. ಶಾಲೆಯಲ್ಲಿ ಈಗ ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆಯುತ್ತಿದ್ದಳಂತೆ. ಅವನನ್ನು ಕಂಡು ಎದ್ದು ಕುರ್ಚಿ ಎಳೆದಳು. ಅವನು ಕೂರಲಿಲ್ಲ.

"ಅಕ್ಕಾ, ನಿನ್ನ ಗಂಟಲು ಹೋದದ್ದು ನನ್ನಿಂದ. ನನಗೆ ಗೊತ್ತಾಗಲಿಲ್ಲ."

ಅವಳು ಸಿಟ್ಟಾಗಲಿಲ್ಲ. ಗಾಳಿಯಂಥ ದನಿಯಲ್ಲಿ ಮೆಲ್ಲಗೆ ಅಂದಳು: "ಒಂದು ಸಲ ಹೇಳಿದ್ದೆನಲ್ಲ ತಮ್ಮಾ."

ಅಷ್ಟು ಹೇಳಿ ಚಹಾ ಮಾಡಲು ಒಳಗೆ ಹೋದಳು. ಅವನು ಆ ಚಹಾ ಕುಡಿದ. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದು ನಿಂತಿದ್ದ.

ಮುಂದಿನ ತಾಲೀಮಿನಲ್ಲಿ ಅವನು ಸದ್ದು ಅರ್ಧಕ್ಕೆ ಇಳಿಸಿದ. ಕೆಳಗಿನ ಸ್ವರಗಳ ಗುಡುಗನ್ನು ಬೇಸ್ ಗಿಟಾರಿನವನಿಗೆ ಬಿಟ್ಟುಕೊಟ್ಟ. ಪ್ರತಿಧ್ವನಿ ತೆಗೆದುಹಾಕಿದ. ಗಾಯಕ ಹಾಡುವಾಗ ಕೈ ಹಿಂದೆಳೆದ, ಗಾಯಕ ಉಸಿರು ತೆಗೆದುಕೊಳ್ಳುವಲ್ಲಿ ಮಾತ್ರ ನಾಲ್ಕು ಸ್ವರ ನುಡಿಸಿದ. ವಾದಕ ಇಳಿಸಿದ್ದು ನೋಡಿ ಉಳಿದವರೂ ಇಳಿಸಿದರು. ಅದೇ ನಾದವನ್ನು ಮನೆಯಲ್ಲಿ ನುಡಿಸಿದರೆ ಸಪ್ಪೆಯೆನ್ನಿಸುತ್ತಿತ್ತು. ಬ್ಯಾಂಡಿನೊಳಗೆ ಮಾತ್ರ ಸಭೆಯ ಕೊನೆಯ ಸಾಲಿನವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು.

ಕೆಲವೇ ದಿನಗಳಲ್ಲಿ ಅವನ ಟೋನಿಗೆ ಹೆಸರಾಯಿತು. ಕಾರ್ಯಕ್ರಮ ಮುಗಿದ ಮೇಲೆ ಬೇರೆ ಊರಿನ ವಾದಕರು ವೇದಿಕೆಯ ಹತ್ತಿರ ಬಂದು, ಇದು ಯಾವ ಆಂಪ್, ಯಾವ ಪೆಡಲ್ ಎಂದು ಕೇಳುತ್ತಿದ್ದರು. ಅವನು ತಲೆ ತಗ್ಗಿಸಿ ಯಾವುದೋ ಒಂದರ ಹೆಸರು ಹೇಳಿ, ವೈರ್ ಸುತ್ತಲು ಕುಳಿತುಬಿಡುತ್ತಿದ್ದ. ನಿಜ ಹೇಳಬೇಕಾದರೆ ಅಕ್ಕನ ಹೆಸರು ಹೇಳಬೇಕಿತ್ತು. ಅದು ಅವನ ಬಾಯಿಗೆ ಬರುತ್ತಿರಲಿಲ್ಲ.

ಮಾಸ್ತರರು ಕತೆ ನಿಲ್ಲಿಸಿದರು.

ಶ್ರೀಶೈಲ ಕೇಳಿದ: "ಆ ಅಕ್ಕನಿಗೆ ಮತ್ತೆ ಹಾಡಲು ಆಯಿತೇ ಸರ್?"

ಮಾಸ್ತರರು ಗೋಡೆಗೆ ಒರಗಿಸಿದ್ದ ಗಿಟಾರನ್ನು ಮತ್ತೆ ಕೈಗೆತ್ತಿಕೊಂಡರು. ಶಿಷ್ಯನ ಮುಖ ನೋಡಿ ಇಷ್ಟೇ ಕೇಳಿದರು:

"ನಿಮ್ಮ ಬ್ಯಾಂಡಿನಲ್ಲಿ ಹಾಡುವವರ ಗಂಟಲು ಈಗ ಹೇಗಿದೆ?"